ಹಳೇ ಬೈಕಿನ ಸೀಟ್ ಕೆಳಗಿರೋ ಆ ಕಪ್ಪು ಡಬ್ಬ

ಹಳೇ ಬೈಕ್ ರೆಡಿ ಮಾಡೋಕೆ ಕೂತವರೆಲ್ಲ ಒಂದಲ್ಲ ಒಂದು ದಿನ ಏರ್‌ಬಾಕ್ಸಿಗೆ, ಅಂದ್ರೆ ಎಂಜಿನ್ನಿಗೆ ಹೋಗೋ ಗಾಳಿ ಸೋಸೋ ಫಿಲ್ಟರ್ ಇರೋ ಡಬ್ಬಕ್ಕೆ, ಬೈದೇ ಬೈದಿರ್ತಾರೆ. ಸೀಟ್ ತೆಗೀರಿ, ಸೈಡ್ ಕವರ್ ಬಿಚ್ಚಿ, ಅಲ್ಲೇ ಕೂತಿರತ್ತೆ ಸಂದಿಗೊಂದಿಯೆಲ್ಲ ತುಂಬ್ಕೊಂಡು, ಯಾವ ಆಕಾರ ಅಂತ ಹೇಳೋಕೇ ಬರದ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬ. ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬುರೇಟರ್ ಕ್ಲೀನ್ ಮಾಡೋಣ ಅಂದ್ರೆ ಅದು ಅಡ್ಡ, ಬ್ಯಾಟರಿ ತೆಗೆಯೋಣ ಅಂದ್ರೂ ಅದೇ ಅಡ್ಡ, ಇನ್ನು ವರ್ಷಗಟ್ಟಲೆ ಬಿಸಿ ತಿಂದು ಕಲ್ಲಾಗಿರೋ ಅದರ ರಬ್ಬರ್ ಕೊಳವೆಗಳನ್ನ, ಅಂದ್ರೆ ಬೂಟುಗಳನ್ನ, ವಾಪಸ್ ಕಾರ್ಬುರೇಟರ್ ಬಾಯಿಗೆ ಕೂರಿಸೋಷ್ಟರಲ್ಲಿ ಬೆರಳಿನ ಚರ್ಮ ಕಿತ್ತು ಬಂದಿರತ್ತೆ. ಇದರ ಎದುರಿಗೆ, ಡಬ್ಬವೇ ಇಲ್ಲದೆ ನೇರ ಕಾರ್ಬುರೇಟರ್ ಬಾಯಿಗೆ ಸಿಗಿಸೋ ಪಾಡ್ ಫಿಲ್ಟರ್ ಇಟ್ಟು ನೋಡಿ. ಕೈಗಾತ್ರದ ಕೋನು, ಒಂದು ಕ್ಲಾಂಪ್ ಬಿಗಿದ್ರೆ ಮುಗೀತು, ಫ್ರೇಮ್ ಮಧ್ಯ ಖಾಲಿ ತ್ರಿಕೋನ ಕಾಣತ್ತೆ, ಬೈಕ್ ನೋಡೋಕೂ ಚಂದ.

ನಾನೂ ಅದೇ ಮಾಡಿದ್ದೆ. ಹಳೇ ಎರಡು ಸಿಲಿಂಡರ್ ಬೈಕು, ಡಬ್ಬ ಕಿತ್ತು ಅಟ್ಟಕ್ಕೆ ಹಾಕ್ದೆ, ಎರಡು ಪಾಡ್ ಹಾಕ್ದೆ, ಸ್ಟಾರ್ಟ್ ಮಾಡಿ ಥ್ರಾಟಲ್ ತಿರುಗಿಸಿದ್ರೆ ಆಹಾ ಏನ್ ಗರ್ಜನೆ, ಬೈಕಿಗೆ ಹತ್ತು ವರ್ಷ ವಯಸ್ಸು ಕಮ್ಮಿ ಆದಂಗೆ ಅನ್ನಿಸ್ತು. ಸ್ಪೀಡೂ ಜಾಸ್ತಿ ಆಗಿದೆ ಅಂತ ಒಂದು ವಾರ ಎಲ್ಲರಿಗೂ ಹೇಳ್ಕೊಂಡು ತಿರುಗಿದೆ. ಆಮೇಲೆ ಒಂದಿನ ಏರು ರಸ್ತೇಲಿ ಒಂದು ಗಾಡಿ ಓವರ್‌ಟೇಕ್ ಮಾಡೋಣ ಅಂತ ಅರ್ಧ ಥ್ರಾಟಲ್ ಕೊಟ್ಟೆ, ಬೈಕು ಒಂದು ಕ್ಷಣ ಉಸಿರೇ ಬಿಟ್ಟಂಗಾಗಿ ಆಮೇಲೆ ಎದ್ದು ಓಡ್ತು. ಪಿಕಪ್ ಎಲ್ಲಿ ಬೇಕೋ ಅಲ್ಲೇ ಎಂಜಿನ್ ಶಕ್ತಿಯಲ್ಲಿ ಒಂದು ಗುಂಡಿ. ಸದ್ದು ಜಾಸ್ತಿ ಆಗಿದ್ದು ನಿಜ, ಸ್ಪೀಡ್ ಜಾಸ್ತಿ ಆಗಿದ್ದು ನನ್ನ ಕಿವಿಯಲ್ಲಿ ಮಾತ್ರ.

ಯಾಕೆ ಹಿಂಗಾಗತ್ತೆ ಅಂತ ತಿಳ್ಕೊಳ್ಳೋಕೆ ಮೊದಲು ಎಂಜಿನ್ ಎಷ್ಟು ಗಾಳಿ ಕುಡಿಯತ್ತೆ ಅಂತ ನೋಡ್ಬೇಕು. ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಎಷ್ಟು ಹಗುರ ಅಂದ್ರೆ ಒಂದು ಲೀಟರಿಗೆ 1.2 ಗ್ರಾಂ ಅಷ್ಟೇ, ಹಾಗಾಗಿ ಒಂದು ಲೀಟರ್ ಪೆಟ್ರೋಲ್ ಸುಡೋಕೆ ಹತ್ತಿರ ಹತ್ತಿರ 9000 ಲೀಟರ್ ಗಾಳಿ ಬೇಕಾಗತ್ತೆ. ನಾವು ಪೆಟ್ರೋಲ್ ಟ್ಯಾಂಕ್ ಕಡೆ ನೋಡ್ತಾ ಇರ್ತೀವಿ, ಎಂಜಿನ್ ಬದುಕೋದು ಮಾತ್ರ ಗಾಳಿ ಮೇಲೆ.

ಮತ್ತೆ ಈ ಗಾಳಿ ನಲ್ಲಿ ನೀರಿನ ಥರ ಒಂದೇ ಸಮ ಹರಿಯಲ್ಲ. ನಾಲ್ಕು ಸ್ಟ್ರೋಕ್ ಎಂಜಿನ್ 6000 ಆರ್‌ಪಿಎಂನಲ್ಲಿ, ಅಂದ್ರೆ ನಿಮಿಷಕ್ಕೆ 6000 ಸುತ್ತು, ಓಡ್ತಿದ್ರೆ ಒಂದೊಂದು ಸಿಲಿಂಡರೂ ಸೆಕೆಂಡಿಗೆ 50 ಸಲ ಗಬಕ್ ಅಂತ ಉಸಿರೆಳೆದು ಬಾಯಿ ಮುಚ್ಚತ್ತೆ. ಓಡಿ ಬರ್ತಿರೋ ಗಾಳಿಗೆ ಬಾಗಿಲು ಮುಚ್ಚಿದ್ರೆ ಅದು ವಾಲ್ವಿಗೆ ಡಿಕ್ಕಿ ಹೊಡೆದು ಒತ್ತಡದ ಅಲೆಯಾಗಿ ಶಬ್ದದ ವೇಗದಲ್ಲಿ ವಾಪಸ್ ಹೊರಡತ್ತೆ, ಕಾರ್ಬುರೇಟರ್ ಬಾಯಿ ದಾಟಿ ಬಯಲಿಗೆ ಬಂದ ತಕ್ಷಣ ಅಲ್ಲಿಂದ ಮತ್ತೆ ಒಳಗೆ ತಿರುಗತ್ತೆ. ವಾಲ್ವಿಂದ ಬಾಯಿವರೆಗೆ 40 ಸೆಂಟಿಮೀಟರ್ ದಾರಿ ಇದ್ರೆ ಹೋಗಿ ಬರೋಕೆ ಎರಡೂವರೆ ಮಿಲಿಸೆಕೆಂಡೂ ಬೇಡ. ಉಯ್ಯಾಲೆ ತೂಗೋ ಲೆಕ್ಕವೇ ಇದು, ಸರಿಯಾದ ಹೊತ್ತಿಗೆ ತಳ್ಳಿದ್ರೆ ಮೇಲೇರತ್ತೆ, ತಪ್ಪು ಹೊತ್ತಿಗೆ ತಳ್ಳಿದ್ರೆ ನಿಂತು ಹೋಗತ್ತೆ. ವಾಲ್ವ್ ತೆರೆದಿರೋವಾಗ ಒತ್ತಡದ ಅಲೆ ಬಂದ್ರೆ ಇನ್ನಷ್ಟು ಗಾಳಿ ತುರುಕತ್ತೆ, ಇಲ್ಲಾಂದ್ರೆ ಬರೋ ಗಾಳಿಗೇ ಎದುರು ನಿಲ್ಲತ್ತೆ. ಹಿಂದಕ್ಕೆ ಬರೋ ಗಾಳಿ ಕಾರ್ಬುರೇಟರ್ ದಾಟೋವಾಗಲೂ ಪೆಟ್ರೋಲ್ ಎತ್ಕೊಂಡು ಬರತ್ತೆ, ಕಾರ್ಬುರೇಟರಿಗೆ ಗಾಳಿ ಯಾವ ದಿಕ್ಕಿಗೆ ಹೋಗ್ತಿದೆ ಅನ್ನೋ ಜ್ಞಾನ ಇಲ್ಲ ನೋಡಿ. ಫಿಲ್ಟರ್ ಬಿಚ್ಚಿಟ್ಟು ಎಂಜಿನ್ ರೇಸ್ ಮಾಡಿದ್ರೆ ಕೆಲವು ಸಲ ಬಾಯಿ ಮುಂದೆ ಪೆಟ್ರೋಲಿನ ಮಂಜು ತೇಲ್ತಾ ನಿಂತಿರೋದು ಕಣ್ಣಿಗೇ ಕಾಣತ್ತೆ.

ಡಬ್ಬದ ಕೆಲಸ ಇಲ್ಲಿಂದ ಶುರು. ಸಿಲಿಂಡರಿನ ಹಲವು ಪಟ್ಟು ದೊಡ್ಡದಾಗಿರೋ ಒಂದು ಗಾಳಿಯ ಕೆರೆ ಅದು, ಎಲ್ಲಾ ಕಾರ್ಬುರೇಟರಿಗೂ ಒಂದೇ ಥರದ ನಿಂತ ಗಾಳಿ ಕೊಡತ್ತೆ, ಹೊರಗೆ ಬೀಸೋ ಗಾಳಿ ಎಷ್ಟೇ ಇರ್ಲಿ ಅಡ್ಡ ಬರ್ಲಿ ಒಳಗೆ ಗೊತ್ತಾಗಲ್ಲ. ಅಷ್ಟೇ ಅಲ್ಲ, ಖಾಲಿ ಬಾಟಲಿ ಬಾಯಿಗೆ ಊದಿದ್ರೆ ಭೋಂ ಅಂತ ಒಂದೇ ಸ್ವರ ಬರತ್ತಲ್ಲ, ಡಬ್ಬ ಮತ್ತೆ ಅದು ಗಾಳಿ ಎಳ್ಕೊಳ್ಳೋ ಕೊಳವೆ ಎರಡೂ ಸೇರಿದ್ರೆ ಅದೇ ಬಾಟಲಿ. 19ನೇ ಶತಮಾನದಲ್ಲಿ ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಇಂಥ ಟೊಳ್ಳು ಪಾತ್ರೆಗಳನ್ನ ಇಟ್ಕೊಂಡೇ ಸ್ವರಗಳನ್ನ ಬೇರ್ಪಡಿಸಿ ಅಧ್ಯಯನ ಮಾಡಿದ್ದು, ಅದಕ್ಕೇ ಇದಕ್ಕೆ ಹೆಲ್ಮ್‌ಹೋಲ್ಟ್ಸ್ ರೆಸೊನೇಟರ್ ಅನ್ನೋ ಹೆಸರು. ಸುಮ್ನೆ ಒಂದು ಲೆಕ್ಕ ಹಾಕಿ: 5 ಲೀಟರಿನ ಡಬ್ಬ, 10 ಚದರ ಸೆಂಟಿಮೀಟರ್ ಬಾಯಿ, 10 ಸೆಂಟಿಮೀಟರ್ ಉದ್ದದ ಕೊಳವೆ ಇದ್ರೆ ಅದರ ಸ್ವರ ಸುಮಾರು 70 ಹರ್ಟ್ಸ್. ಎರಡು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ 4200 ಆರ್‌ಪಿಎಂನಲ್ಲಿ ಸೆಕೆಂಡಿಗೆ ಎಳೆಯೋ ಉಸಿರೂ ಸರಿಯಾಗಿ 70, ಉಯ್ಯಾಲೆಗೆ ಸರಿಯಾದ ಹೊತ್ತಿಗೆ ತಳ್ಳಿದಂಗೆ. ದಿನಾ ಓಡಿಸೋ ಬೈಕಲ್ಲಿ ನಮಗೆ ಪಿಕಪ್ ಬೇಕಾಗಿರೋದೂ ಅಲ್ಲೇ ಅಲ್ವಾ. ಡಬ್ಬ ಕಿತ್ತು ಬಿಸಾಕಿದ್ರೆ ವಾದ್ಯದ ಬುರುಡೆ ಕಿತ್ತಂಗೆ, ತಂತಿ ಇರತ್ತೆ, ನಾದ ಇರಲ್ಲ.

ಹಂಗಂತ ಡಬ್ಬ ಪರಮ ಪವಿತ್ರ ಅಂತ ನಾನು ಹೇಳ್ತಿಲ್ಲ. ಅದನ್ನ ಡಿಸೈನ್ ಮಾಡಿದವರ ತಲೆ ಮೇಲೆ ಸದ್ದಿನ ಕಾನೂನೂ ಕೂತಿತ್ತು. ಅಮೆರಿಕದಲ್ಲಿ 1983ರಿಂದ ರಸ್ತೆ ಬೈಕಿನ ಸದ್ದು 83 ಡೆಸಿಬಲ್ ದಾಟಬಾರದು, 1986ರಿಂದ 80 ಅಂತ ಬಂತು, ಎಂಜಿನ್ ಗಾಳಿ ಎಳೆಯೋ ಸದ್ದೂ ಅದರಲ್ಲಿ ದೊಡ್ಡ ಪಾಲು. ಹಾಗಾಗಿ ಎಷ್ಟೋ ಡಬ್ಬಗಳ ಗಾಳಿ ಎಳ್ಕೊಳ್ಳೋ ಮೂತಿ ಬೇಕಾದ್ದಕ್ಕಿಂತ ಸಣ್ಣ. ಫಿಲ್ಟರ್ ಗಾಳಿ ತಡೆಯತ್ತೆ ಅಂತ ಜನ ಅನ್ಕೊಂಡಿರ್ತಾರೆ, ಕ್ಲೀನ್ ಆಗಿರೋ ಪೇಪರ್ ಫಿಲ್ಟರ್ ತಡೆಯೋದು ಬಹಳ ಕಮ್ಮಿ, ನಿಜವಾದ ಕತ್ತು ಹಿಸುಕೋದು ಆ ಮೂತಿ.

ಈಗ ನನ್ನ ಬೈಕಿನ ಗುಂಡಿ ಕಥೆಗೆ ಬರೋಣ. ಕಾರ್ಬುರೇಟರ್ ಪೆಟ್ರೋಲ್ ಎಳೆಯೋದು ಒತ್ತಡದ ವ್ಯತ್ಯಾಸದಿಂದ. ಪೆಟ್ರೋಲ್ ನಿಂತಿರೋ ಕೆಳಗಿನ ಬಟ್ಟಲಲ್ಲಿ ಸಾಮಾನ್ಯವಾಗಿ ಹೊರಗಿನ ಒತ್ತಡ, ಮೇಲೆ ಇಕ್ಕಟ್ಟಾದ ಗಂಟಲಲ್ಲಿ ಗಾಳಿ ಜೋರಾಗಿ ಓಡೋದ್ರಿಂದ ಒತ್ತಡ ಕಮ್ಮಿ, ಆ ವ್ಯತ್ಯಾಸಕ್ಕೆ ತಕ್ಕಂಗೆ ಜೆಟ್ ಅನ್ನೋ ಅಳತೆಯ ಸಣ್ಣ ತೂತಿಂದ ಪೆಟ್ರೋಲ್ ಮೇಲೆ ಬರತ್ತೆ. ಡಬ್ಬ ಇದ್ದಾಗ ಕಾರ್ಬುರೇಟರ್ ಬಾಯಲ್ಲೇ ಒಂಚೂರು ಒತ್ತಡ ಕಮ್ಮಿ ಇರತ್ತೆ, ಕಂಪನಿಯವರು ಜೆಟ್ ಆರಿಸಿರೋದು ಅದನ್ನೂ ಸೇರಿಸ್ಕೊಂಡೇ. ಡಬ್ಬ ತೆಗೆದ್ರೆ ಆ ಎಳೆತ ಮಾಯ, ಗಾಳಿ ಜಾಸ್ತಿ ಬರತ್ತೆ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬರಲ್ಲ. ಮಿಕ್ಸ್ಚರ್ ಲೀನ್ ಆಯ್ತು. ಥ್ರಾಟಲ್ ಬಿಟ್ರೂ ಐಡ್ಲಿಂಗ್ ತಕ್ಷಣ ಇಳಿಯಲ್ಲ, ಸೈಲೆನ್ಸರ್ ಪಟಪಟ ಅನ್ನತ್ತೆ, ಸ್ಪಾರ್ಕ್ ಪ್ಲಗ್ ಬಿಚ್ಚಿದ್ರೆ ಬೆಳ್ಳಗೆ ಸುಣ್ಣ ಬಳಿದಂಗಿರತ್ತೆ. ಎರಡು ಸ್ಟ್ರೋಕ್ ಬೈಕಾದ್ರೆ ಇನ್ನೂ ಅಪಾಯ, ಪಿಸ್ಟನ್ ತಲೆ ತೂತಾಗೋವರೆಗೂ ಹೋಗತ್ತೆ.

ಇದರಲ್ಲೂ ಕಾರ್ಬುರೇಟರ್ ಯಾವ ಜಾತಿ ಅನ್ನೋದು ಮುಖ್ಯ. 1969ರ ಹೋಂಡಾ ಸಿಬಿ750 ಥರದ ಬೈಕಲ್ಲಿ ಸ್ಲೈಡನ್ನ, ಅಂದ್ರೆ ಕಾರ್ಬುರೇಟರ್ ಗಂಟಲಲ್ಲಿ ಮೇಲೆ ಕೆಳಗೆ ಜಾರೋ ತಡೆಯನ್ನ, ಎತ್ತೋದು ನಿಮ್ಮ ಕೈ, ಕೇಬಲ್ ಎಳೆದಷ್ಟು ಏಳತ್ತೆ, ಇಂಥವು ಪಾಡ್ ಜೊತೆ ಹೆಂಗೋ ಹೊಂದ್ಕೊಂಡು ಹೋಗ್ತವೆ. ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ) ಕಾರ್ಬುರೇಟರ್ ಹಂಗಲ್ಲ, 1979ರಿಂದ ಅದೇ ಸಿಬಿ750ಗೂ ಅದೇ ಬಂತು. ಅದರಲ್ಲಿ ನೀವು ತೆರೆಯೋದು ಎಂಜಿನ್ ಕಡೆಗಿರೋ ಬಾಗಿಲು ಮಾತ್ರ, ಸ್ಲೈಡನ್ನ ಒಂದು ತೆಳು ರಬ್ಬರ್ ಡಯಾಫ್ರಾಂ ಎತ್ತತ್ತೆ, ಮೇಲೆ ನಿರ್ವಾತದ ಎಳೆತ, ಕೆಳಗೆ ಕಾರ್ಬುರೇಟರ್ ಬಾಯಿಂದ ಬರೋ ನಿಂತ ಗಾಳಿ, ಇವೆರಡರ ಜಗಳದಲ್ಲಿ ಸ್ಲೈಡ್ ಎಲ್ಲಿ ನಿಲ್ಬೇಕು ಅಂತ ತೀರ್ಮಾನ ಆಗತ್ತೆ. ಬಾಯಲ್ಲಿ ಗಾಳಿ ಕಲಕಿದ್ರೆ ಸ್ಲೈಡಿಗೆ ತಲೆ ಕೆಡತ್ತೆ.

ನನ್ನದು ಅದೇ ಜಾತಿ. ಕೊನೆಗೆ ಪಾಡ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದ್ರೆ ಕಾರ್ಬುರೇಟರ್ ಬಾಯಿ ಅಂಚಲ್ಲಿ, ಗಡಿಯಾರದ ಮುಖದಲ್ಲಿ 5 ಮತ್ತೆ 7 ಇರೋ ಜಾಗದಲ್ಲಿ, ಎರಡು ಸಣ್ಣ ಹಿತ್ತಾಳೆ ತೂತು, 12ರ ಜಾಗದಲ್ಲಿ ಒಂದು ಬಾಗಿದ ಸೀಳು. ಕೆಳಗಿನವು ಪೆಟ್ರೋಲಿಗೆ ಬೆರೆಯೋಕೆ ಗಾಳಿ ಬಿಡೋ ಏರ್ ಜೆಟ್, ಮೇಲಿನದು ಡಯಾಫ್ರಾಂ ಕೆಳಗೆ ಗಾಳಿ ಹೋಗೋ ದಾರಿ. ಪಾಡಿನ ರಬ್ಬರ್ ಕತ್ತಿಗೆ ಒಳಗಡೆ ಒಂದು ದಪ್ಪ ತುಟಿ ಇತ್ತು, ಬಿಗಿದಾಗ ಆ ತುಟಿ ಸರಿಯಾಗಿ ಈ ತೂತುಗಳ ಮೇಲೇ ಕೂತು ಅರ್ಧಕ್ಕರ್ಧ ಮುಚ್ಚಿತ್ತು, ರಬ್ಬರಲ್ಲಿ ಅದರ ಅಚ್ಚು ಕೂಡ ಬಿದ್ದಿತ್ತು. ಬ್ಲೇಡ್ ತಗೊಂಡು ತುಟಿ ಕೆತ್ತಿದೆ, ಗುಂಡಿ ಅರ್ಧ ತುಂಬ್ತು. ಇನ್ನರ್ಧಕ್ಕೆ ಜೆಟ್ಟು. ಜೆಟ್ ನಂಬರ್ ಎಷ್ಟೋ ಕಾರ್ಬುರೇಟರಲ್ಲಿ ತೂತಿನ ಅಗಲ, ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. 120 ತೆಗೆದು 130 ಹಾಕಿದ್ರೆ ಹತ್ತೇ ನಂಬರ್ ಅನ್ಸತ್ತೆ, ಆದ್ರೆ ತೂತಿನ ವಿಸ್ತೀರ್ಣ ಶೇಕಡ 17 ಜಾಸ್ತಿ ಆಗತ್ತೆ, ಅದಕ್ಕೇ ಒಂದೊಂದೇ ಮೆಟ್ಟಿಲು ಹತ್ಬೇಕು. ಮೇನ್ ಜೆಟ್ ಕೆಲಸ ಮಾಡೋದು ಥ್ರಾಟಲ್ ಮುಕ್ಕಾಲು ದಾಟಿದ ಮೇಲೆ, ನಡುವೆ ಎಲ್ಲಾ ಸ್ಲೈಡಿಗೆ ತೂಗಿರೋ ಸೂಜಿ, ಅಂದ್ರೆ ನೀಡಲ್, ಶುರುವಲ್ಲಿ ಪೈಲಟ್ ಜೆಟ್. ಬರೀ ಮೇನ್ ಜೆಟ್ ಬದಲಾಯಿಸಿ ಸರಿ ಹೋಗಿಲ್ಲ ಅಂತ ಗೊಣಗೋರನ್ನ ಬಹಳ ನೋಡಿದೀನಿ, ನಾನೂ ಅವರಲ್ಲೊಬ್ಬ.

ಧೂಳಿನ ವಿಷಯ ಬೇರೆ. ಕೂದಲಿನ ದಪ್ಪ ಸುಮಾರು 70 ಮೈಕ್ರಾನ್, ಸಿಲಿಂಡರನ್ನ ತಿನ್ನೋ ಧೂಳು ಅದರಲ್ಲಿ ಕಾಲು ಭಾಗಕ್ಕಿಂತ ಸಣ್ಣದು, ಅದರಲ್ಲಿರೋ ಮರಳಿನ ಗಡಸುತನ ಮೋಸ್ ಅಳತೇಲಿ 7, ಎರಕದ ಕಬ್ಬಿಣದ ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆ ಎಲ್ಲ ಅದಕ್ಕಿಂತ ಮೆತ್ತಗೆ. ಪೇಪರ್ ಫಿಲ್ಟರ್ ಈ ಸಣ್ಣ ಧೂಳನ್ನ ಚೆನ್ನಾಗಿ ಹಿಡಿಯತ್ತೆ, ಒಂಚೂರು ಧೂಳು ಕೂತ ಮೇಲೆ ಆ ಧೂಳೇ ಇನ್ನೊಂದು ಜರಡಿಯಾಗಿ ಇನ್ನೂ ಚೆನ್ನಾಗಿ ಹಿಡಿಯತ್ತೆ. ಕೆ ಆಂಡ್ ಎನ್ ಕಂಪನಿಯದರ ಥರದ ಹತ್ತಿ ಬಟ್ಟೆಯ ಫಿಲ್ಟರ್, ಫೋಮ್ ಫಿಲ್ಟರ್ ಎಲ್ಲಾ ಎಣ್ಣೆಯ ಅಂಟಿನ ಮೇಲೆ ನಿಂತಿರೋದು, ಎಣ್ಣೆ ಒಣಗಿದ್ರೆ ಸೊಳ್ಳೆ ಪರದೆ ಅಷ್ಟೇ. ನಿಮ್ಮ ಫಿಲ್ಟರ್ ಹೆಂಗಿದೆ ಅಂತ ನೋಡೋಕೆ ಯಂತ್ರ ಬೇಡ, ಫಿಲ್ಟರಿಗೂ ಕಾರ್ಬುರೇಟರಿಗೂ ನಡುವೆ ರಬ್ಬರ್ ಒಳಗೋಡೆಗೆ ತೆಳ್ಳಗೆ ಗ್ರೀಸ್ ಸವರಿ, ಒಂದು ತಿಂಗಳು ಓಡಿಸಿ, ಬೆರಳಲ್ಲಿ ಒರೆಸಿ ಎರಡು ಬೆರಳ ಮಧ್ಯೆ ಉಜ್ಜಿ ನೋಡಿ. ನನ್ನ ಅಗ್ಗದ ಪಾಡುಗಳ ಹಿಂದೆ ಕರಕರ ಅಂತು, ಅಂದ್ರೆ ಧೂಳು ಒಳಗೆ ದಾಟಿತ್ತು.

ಇದಿಷ್ಟು ಆದ್ಮೇಲೂ ಪಾಡ್ ಹಾಕೋರು ಹಾಕ್ಲಿ, ಕೇಬಲ್ ಎಳೆಯೋ ಸ್ಲೈಡ್ ಇದ್ದು, ಮೇಲಿನ ಆರ್‌ಪಿಎಂನಲ್ಲೇ ಓಡಿಸೋರಾಗಿದ್ದು, ಪ್ಲಗ್ ನೋಡಿ ಜೆಟ್ ಬದಲಾಯಿಸೋ ತಾಳ್ಮೆ ಇದ್ರೆ ನಿಜವಾಗ್ಲೂ ಲಾಭ ಇದೆ. ಎಂಜಿನ್ ಬೆನ್ನಿಗೇ ಅಂಟಿರೋದ್ರಿಂದ ಬಿಸಿ ಗಾಳಿ ಕುಡಿಯತ್ತೆ ಅನ್ನೋದು ನೆನಪಿರ್ಲಿ, ಗಾಳಿ 10 ಡಿಗ್ರಿ ಬಿಸಿಯಾದ್ರೆ ಸಾಂದ್ರತೆ ಶೇಕಡ 3ರಷ್ಟು ಕಮ್ಮಿ. ಮಳೆ ಬಂದ್ರೆ ನೀರೂ ಕುಡಿಯತ್ತೆ. ಸಿ.ವಿ. ಇದ್ರೆ ನನ್ನ ಮಾತು ಕೇಳಿ, ಡಬ್ಬ ಇರ್ಲಿ, ಬೇಕಾದ್ರೆ ಅದರೊಳಗೇ ಹೊಸ ಫಿಲ್ಟರ್ ಹಾಕಿ.

ನಾನಂತೂ ಅಟ್ಟ ಹತ್ತಿ ಡಬ್ಬ ಇಳಿಸಿದೆ. ಬಿರುಕಿಗೆ ಎಪಾಕ್ಸಿ ಹಚ್ಚಿದೆ, ಕಲ್ಲಾಗಿದ್ದ ಬೂಟುಗಳನ್ನ ಬಿಸಿನೀರಲ್ಲಿ ಹತ್ತು ನಿಮಿಷ ಹಾಕಿಟ್ಟು ಮೆತ್ತಗಿರೋವಾಗಲೇ ಸೋಪ್ ಸವರಿ ತಳ್ಳಿದೆ, ಹಳೇ ಜೆಟ್ ವಾಪಸ್ ಹಾಕಿದೆ. ಎಡಗಡೆ ಬೂಟು ಮೂರನೇ ಸಲಕ್ಕೆ ಕೂತ್ಕೊಳ್ತು. ಬಲಗಡೇದಕ್ಕೆ ಬಾಯಿಗೆ ಬಂದಂಗೆ ಬೈದೆ, ಆಮೇಲೆ ಅದೂ ಕೂತ್ಕೊಳ್ತು.