ಜೋಳದ ರೊಟ್ಟಿ ನಮ್ಮದಾ, ಅವರದಾ?

ಪ್ರಶ್ನೆ: ನಾನು ವಿಜಯಪುರದವಳು, ಕೆಲಸ ಪುಣೆಯಲ್ಲಿ. ಡಬ್ಬಿ ತೆಗೆದರೆ ಸಾಕು, ‘ಇದು ನಮ್ಮ ಭಾಕರಿ’ ಅಂತಾರೆ. ಜೋಳದ ರೊಟ್ಟಿ ನಿಜಕ್ಕೂ ಯಾರದು? ಜಿಐ ಟ್ಯಾಗ್ (ಊರಿನ ಹೆಸರಿನ ಮಾಲಿಗೆ ಸರ್ಕಾರ ಕೊಡುವ ಭೌಗೋಳಿಕ ಗುರುತು) ತಗೊಂಡ್ರೆ ಜಗಳ ಮುಗಿಯಲ್ವಾ?

ಉತ್ತರ: ಮೊದಲು ಜೋಳದ ವಿಷಯ. ಅದು ಆಫ್ರಿಕಾದ್ದು. ಸುಡಾನಿನ ಪೂರ್ವಭಾಗದಲ್ಲಿ ಸುಮಾರು 5,000 ವರ್ಷದ ಹಿಂದೆಯೇ ಅದರ ಬೇಸಾಯ ಇತ್ತು. ಇಲ್ಲಿಗೆ ಬಂದೂ ಸಾವಿರಾರು ವರ್ಷ ಆಯ್ತು. ಡಬ್ಬಿಯಲ್ಲಿ ಶೇಂಗಾ ಹಿಂಡಿಯೂ (ಖಾರದ ಚಟ್ನಿಪುಡಿ) ಇರುತ್ತೆ, ಅಲ್ವಾ? ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿ ಮೆಕ್ಸಿಕೋ ಕಡೆಯದು. 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆಯೇ ಇವೆರಡೂ ನಮಗೆ ಸಿಕ್ಕಿದ್ದು. ಅಂದರೆ ಬಸವಣ್ಣನವರ ಕಾಲದಲ್ಲಿ ರೊಟ್ಟಿಗೆ ಕೆಂಪು ಖಾರ ಇರಲೇ ಇಲ್ಲ!

ಬೆಳೆ ಬೇರೆ, ಅಡುಗೆ ಬೇರೆ. ಸುಡಾನಿನಲ್ಲಿ ಜೋಳದ ಹಿಟ್ಟನ್ನು ಹುಳಿ ಬರಿಸಿ, ದೋಸೆಯ ಹಾಗೆ ತೆಳ್ಳಗೆ ಹರಡಿ ಕಿಸ್ರಾ ಮಾಡ್ತಾರೆ. ನಾವು ಬಡಿಯುತ್ತೇವೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ, ತಣ್ಣೀರಲ್ಲಿ ಕಲಸಿದರೆ ಹಿಟ್ಟು ಬಿರಿಯುತ್ತೆ. ಅದಕ್ಕೇ ನಮ್ಮವ್ವ ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ಎಸರು ಸುರಿಯುತ್ತಾಳೆ. ಆ ಬಿಸಿಗೆ ಹಿಟ್ಟು ಸ್ವಲ್ಪ ಬೆಂದು ಜಿಗಿ ಬರುತ್ತೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ಆ ನೀರು ಪೂರ್ತಿ ಆರುವ ಮೊದಲೇ ಮಗುಚಬೇಕು. ನಾನು ಮಾಡಿದರೆ ಈಗಲೂ ಅಂಚು ಸೀಳುತ್ತೆ. ‘ಯಾರದರ ಇರಲಿ, ಮೊದ್ಲ ಜಿಗಿ ತರೂದ್ ಕಲಿ’ ಅಂತಾಳೆ ಅವ್ವ.

ಸೊಲ್ಲಾಪುರದ ಅಜ್ಜಿಯೂ ಹೀಗೇ ಮಾಡ್ತಾಳೆ. ಎರಡೂ ಕಡೆ ಅದೇ ಕಪ್ಪು ಮಣ್ಣಿನ ಎರಿ ಹೊಲ, ಅದೇ ಹಿಂಗಾರಿ ಜೋಳ. ನಮ್ಮ ಕಡೆ ಮನೆಮಾತಾಗಿರುವ ಮಾಲದಂಡಿ ಜೋಳ ಇದೆಯಲ್ಲ, ಅದರ ಎಂ 35-1 ತಳಿಯನ್ನು ಆರಿಸಿ ತೆಗೆದದ್ದು ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ. 1956ರ ತನಕ ಎರಡೂ ಜಿಲ್ಲೆಗಳು ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಹಾಗಾಗಿ ಪುಣೆಯವರು ‘ನಮ್ಮದು’ ಅಂದರೆ ಸುಳ್ಳಲ್ಲ, ನೀವಂದರೂ ಸುಳ್ಳಲ್ಲ. ‘ನಮ್ಮದೇ’ ಅಂದಾಗ ಮಾತ್ರ ಇಬ್ಬರೂ ತಪ್ಪು.

ಇನ್ನು ಜಿಐ. ಒಂದು ತಿನಿಸನ್ನು ಮೊದಲು ಮಾಡಿದವರು ಯಾರು ಅಂತ ಅದು ತೀರ್ಪು ಕೊಡಲ್ಲ. ಇಂಥ ಊರಿನ ಹೆಸರಲ್ಲಿ ಮಾರುವ ಮಾಲು ಆ ಊರಿನದೇ ಆಗಿರಬೇಕು ಅನ್ನುತ್ತೆ, ಅಷ್ಟೇ. ರಸಗುಲ್ಲಾ ನೋಡಿ. 2017ರಲ್ಲಿ ಬಂಗಾಳಕ್ಕೆ ‘ಬಾಂಗ್ಲಾರ್ ರಸೊಗೊಲ್ಲಾ’ ಹೆಸರಲ್ಲಿ ಸಿಕ್ಕಿತು, 2019ರಲ್ಲಿ ಒಡಿಶಾಗೆ ‘ಒಡಿಶಾ ರಸಗೊಲಾ’ ಹೆಸರಲ್ಲಿ. ಜಗಳ ಮಾತ್ರ ಹಾಗೇ ಇದೆ.

ಜೋಳಕ್ಕೂ ಜಿಐ ಸಿಕ್ಕಿದ್ದಿದೆ, ಉದಾಹರಣೆಗೆ ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಜೋಳಕ್ಕೆ. ಬಸವಣ್ಣನವರು ಕರಣಿಕರಾಗಿದ್ದರು ಅಂತಾರಲ್ಲ, ಅದೇ ಊರು. ನಿಮ್ಮ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ರೈತ ಅದೇ ಮಾಲದಂಡಿ ಬೆಳೆದು ಧಾರಾಳವಾಗಿ ಮಾರಬಹುದು. ಚೀಲದ ಮೇಲೆ ‘ಮಂಗಳವೇಢೆ’ ಅಂತ ಬರೆದರೆ ಮಾತ್ರ ತಕರಾರು. ರೊಟ್ಟಿಗಾಗಲಿ ನಿಮ್ಮ ಡಬ್ಬಿಗಾಗಲಿ ಅದರ ಸಂಬಂಧವೇ ಇಲ್ಲ.