ಜಿಯೋಪಾಲಿಮರ್: ನೀರು ಕೇಳದ, ಶಾಖ ಕೇಳುವ ಕಾಂಕ್ರೀಟ್

ಕ್ಯೂರಿಂಗ್ ಅಂದ ಕೂಡಲೇ ನಮಗೆ ನೆನಪಾಗುವುದು ಹೊಸ ಗೋಡೆಗೆ ಪೈಪು ಹಿಡಿದು ನೀರು ಹೊಡೆಯುವುದು. ಜಿಯೋಪಾಲಿಮರ್ ಕಾಂಕ್ರೀಟಿಗೆ ಈ ಲೆಕ್ಕ ನಡೆಯುವುದಿಲ್ಲ.

ಇದರಲ್ಲಿ ಜಲ್ಲಿ, ಮರಳು ಎಂದಿನಂತೆಯೇ. ಸಿಮೆಂಟ್ ಮಾತ್ರ ಇಲ್ಲ. ಅದರ ಜಾಗದಲ್ಲಿ ಕಲ್ಲಿದ್ದಲು ಸುಟ್ಟುಳಿದ ಹಾರುಬೂದಿ, ಕಬ್ಬಿಣದ ಕುಲುಮೆಯಲ್ಲಿ ಉಳಿಯುವ ಕಿಟ್ಟ ಅಂದರೆ ಸ್ಲ್ಯಾಗ್, ಹೀಗೆ ಸಿಲಿಕಾ ಮತ್ತು ಅಲ್ಯೂಮಿನಾ ತುಂಬಿದ ಕಸ. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಿಲಿಕೇಟಿನ ದ್ರಾವಣ ಬೆರೆಸಿದರೆ ಅವು ಕರಗುತ್ತವೆ, ಆಮೇಲೆ ಒಂದಕ್ಕೊಂದು ಹೆಣೆದುಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತವೆ. 1970ರ ದಶಕದ ಕೊನೆಗೆ ಈ ಹೆಸರು ಕೊಟ್ಟವರು ಫ್ರಾನ್ಸಿನ ಜೋಸೆಫ್ ಡೇವಿಡೊವಿಟ್ಸ್.

ಕಸ ಯಾವುದು ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಕ್ಯಾಲ್ಸಿಯಂ ಕಡಿಮೆ ಇರುವ ಹಾರುಬೂದಿ ಬಹಳ ನಿಧಾನ. ಮಾಮೂಲಿ ಹವೆಯಲ್ಲಿ ಬಿಟ್ಟರೆ ದಿನಗಟ್ಟಲೆ ಮೆತ್ತಗೇ ಇರಬಹುದು. ಅದಕ್ಕೇ 60ರಿಂದ 80 ಡಿಗ್ರಿ ಶಾಖದಲ್ಲಿ ಸುಮಾರು ಒಂದು ದಿನ ಇಡುತ್ತಾರೆ. ಆಗ ಬಲ ಬೇಗ ಬರುತ್ತದೆ. ಹಾಗಂತ ಬರಿದೇ ಒಲೆಯೊಳಗೆ ಇಟ್ಟರೆ ನೀರು ಆರಿ ಬಿರುಕು ಬಿಡುತ್ತದೆ; ಪ್ಲಾಸ್ಟಿಕ್ ಹಾಳೆ ಮುಚ್ಚಲೇಬೇಕು. ಇಲ್ಲಿ ನೀರು ಬೇಕಾಗಿರುವುದು ಕರಗಿಸಿ ಕಲಸುವುದಕ್ಕೆ ಅಷ್ಟೆ. ಸುಮ್ನೆ ಜಾಸ್ತಿ ಹಾಕಿದರೆ ಸಣ್ಣ ರಂಧ್ರಗಳು ಹೆಚ್ಚಿ ಬಲ ಇಳಿಯುತ್ತದೆ.

ಸ್ಲ್ಯಾಗಿನಲ್ಲಿ ಕ್ಯಾಲ್ಸಿಯಂ ಧಾರಾಳ, ಹಾಗಾಗಿ ಶಾಖ ಕೊಡದೆಯೂ ಗಟ್ಟಿಯಾಗುತ್ತದೆ. ತೊಂದರೆ ಏನೆಂದರೆ, ಕೆಲವೊಮ್ಮೆ ಸುರಿಯುವ ಮೊದಲೇ ಬಿಗಿಯುತ್ತದೆ. ಎರಡನ್ನೂ ಬೆರೆಸುವುದು ಜಾಣತನ. ಆಸ್ಟ್ರೇಲಿಯಾದ ಟುವೂಂಬಾದಲ್ಲಿ 2014ರಲ್ಲಿ ತೆರೆದ ವಿಮಾನ ನಿಲ್ದಾಣದ ನೆಲಹಾಸಿಗೆ ಬಳಸಿದ್ದು ಸ್ಲ್ಯಾಗ್ ಮತ್ತು ಹಾರುಬೂದಿಯ ಇಂಥ ಮಿಶ್ರಣವನ್ನೇ. ಅಷ್ಟು ದೊಡ್ಡ ಬಯಲನ್ನು ಒಲೆಯಲ್ಲಿ ಇಡೋಕಾಗಲ್ಲ ಅಲ್ವಾ!

ಇನ್ನು ಕ್ಷಾರ, ಅಂದರೆ ಆ ಕಾಸ್ಟಿಕ್ ಸೋಡಾ ದ್ರಾವಣ. ಕಾಸ್ಟಿಕ್ ತೆಳುವಾದರೆ ಬೂದಿ ಸರಿಯಾಗಿ ಕರಗದು. ಅತಿಯಾದರೆ ಉಳಿದ ಸೋಡಿಯಂ ಹೊರಗೆ ಬಂದು ಮೈಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಚರ್ಮ ಸುಡುವ ದ್ರಾವಣ ಬೇರೆ, ಕೈಗವಸು, ಕನ್ನಡಕ ಇಲ್ಲದೆ ಮುಟ್ಟುವಂತಿಲ್ಲ.

ಕಸದಿಂದ ಮಾಡಿದ್ದು, ಹಾಗಾಗಿ ಪರಿಸರಕ್ಕೆ ಪುಕ್ಕಟೆ ಲಾಭ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸೋಡಿಯಂ ಸಿಲಿಕೇಟ್ ತಯಾರಿಸಲು ಮರಳು ಮತ್ತು ಸೋಡಾ ಆಶ್ ಅನ್ನು 1000 ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸಬೇಕು. ಸಿಮೆಂಟಿಗಿಂತ ಗಾಳಿಗೆ ಸೇರುವ ಇಂಗಾಲ ಎಷ್ಟು ಕಡಿಮೆ ಅನ್ನುವುದು ಈ ದ್ರಾವಣ ಎಷ್ಟು ಸುರಿದಿರಿ, ಒಲೆ ಎಷ್ಟು ಹೊತ್ತು ಉರಿಸಿದಿರಿ ಅನ್ನುವುದರ ಮೇಲೆ ಹೋಗುತ್ತದೆ.