ಕಾಡು ಟೊಮೆಟೊಗೆ ಎಷ್ಟು ಹೊತ್ತಿನ ಹಗಲು ಬೇಕು?

ಎಲ್‌ಇಡಿ ದೀಪದಡಿ ಟೊಮೆಟೊ ಬೆಳೆಸುವವರು ಸಾಮಾನ್ಯವಾಗಿ ದೀಪವನ್ನು 16 ಗಂಟೆ ಉರಿಸುತ್ತಾರೆ. ಕಾಡು ಪ್ರಭೇದಗಳಿಗೂ ಹಾಗೆಯೇ ಮಾಡಿದರೆ ಗಿಡ ಹುಲುಸಾಗಿ ಬೆಳೆದೀತು, ಹೂವು ಮಾತ್ರ ಸತಾಯಿಸುತ್ತದೆ. ಕಾರಣ ಅದರ ತವರಿನಲ್ಲಿದೆ: ಈಕ್ವೆಡಾರ್, ಪೆರು, ಉತ್ತರ ಚಿಲಿ, ಗಲಪಗಸ್ ದ್ವೀಪಗಳು. ಸಮಭಾಜಕ ವೃತ್ತದ ಮೇಲೆಯೇ ಇರುವ ಗಲಪಗಸ್‌ನಲ್ಲಿ ವರ್ಷವಿಡೀ ಹಗಲು ಸುಮಾರು 12 ಗಂಟೆ. ಹಗಲು ಉದ್ದವಾದಾಗ ಎಸ್‌ಪಿ5ಜಿ ಎಂಬ ಜೀನ್ ಹೂಬಿಡುವುದನ್ನು ತಡೆಹಿಡಿಯುತ್ತದೆ. ತೋಟದ ಟೊಮೆಟೊದಲ್ಲಿ ಈ ತಡೆ ದುರ್ಬಲಗೊಂಡಿದೆ. ಆದ್ದರಿಂದಲೇ ಅದು ಯುರೋಪಿನ ದೀರ್ಘ ಬೇಸಿಗೆ ಹಗಲಿನಲ್ಲೂ ಬೇಗ ಹೂ ಬಿಡುತ್ತದೆ.

ಹಾಗಾದರೆ ಹಗಲನ್ನು 12 ಗಂಟೆಗೆ ಇಳಿಸಿದರೆ ಬೆಳಕು ಸಾಕಾಗುತ್ತದೆಯೇ? ಇಲ್ಲೊಂದು ಸಣ್ಣ ಲೆಕ್ಕವಿದೆ, ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಎಲೆಯ ಮೇಲೆ ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 250 ಮೈಕ್ರೋಮೋಲ್ ಬೆಳಕು ಬೀಳುತ್ತಿದೆ ಎನ್ನೋಣ (ಬೆಳಕಿನ ಕಣಗಳನ್ನು ಎಣಿಸುವ ಅಳತೆ ಇದು; ಹತ್ತು ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್). 16 ಗಂಟೆಗೆ ದಿನದ ಒಟ್ಟು 14.4 ಮೋಲ್; 12 ಗಂಟೆಗೆ 10.8 ಮಾತ್ರ. ಕೊರತೆ ತುಂಬಲು ಬೆಳಕಿನ ತೀವ್ರತೆಯನ್ನು 333ಕ್ಕೆ ಏರಿಸಬೇಕು, ಅಂದರೆ ದೀಪವನ್ನು ಹತ್ತಿರ ತರಬೇಕು ಅಥವಾ ಇನ್ನೊಂದನ್ನು ಸೇರಿಸಬೇಕು. ಗಂಟೆ ಹೆಚ್ಚಿಸುವುದು ಪರಿಹಾರವಲ್ಲ. ದೀಪದ ಶಾಖಕ್ಕೆ ತುದಿ ಎಲೆ ಬಾಡುತ್ತಿಲ್ಲವೇ ಎಂದು ಕೈಯೊಡ್ಡಿ ನೋಡಿ.

ಇದಕ್ಕೂ ಮೊದಲು ಬೀಜ ಮೊಳೆಯಬೇಕಲ್ಲ! ಗಲಪಗಸ್ ಟೊಮೆಟೊದ ಬೀಜ ನೆನೆಸಿಟ್ಟರೂ ಸುಲಭಕ್ಕೆ ಏಳುವುದಿಲ್ಲ. ದೈತ್ಯ ಆಮೆಯ ಹೊಟ್ಟೆಯೊಳಗೆ ಹಾದು ಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಟೊಮೆಟೊ ವಿಜ್ಞಾನಿ ಚಾರ್ಲ್ಸ್ ರಿಕ್ 1961ರಲ್ಲಿ ಸಹಲೇಖಕರೊಂದಿಗೆ ಪ್ರಕಟಿಸಿದರು. ನಮ್ಮಲ್ಲಿ ಆ ಆಮೆಯ ಕೆಲಸವನ್ನು ಬ್ಲೀಚ್ ಮಾಡುತ್ತದೆ: ಸುಮಾರು 2.7 ಪ್ರತಿಶತ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿಟ್ಟು, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಬಿತ್ತಬೇಕು. ಬೀಜದ ಹೊರಸಿಪ್ಪೆ ಮೆದುವಾಗುತ್ತದೆ.

ಹೂವು ಬಂದ ಮೇಲೆ ಪ್ರಭೇದ ಯಾವುದೆಂಬುದು ಮುಖ್ಯವಾಗುತ್ತದೆ. ಪುಟ್ಟ ಕೆಂಪು ಹಣ್ಣಿನ ಪಿಂಪಿನೆಲಿಫೋಲಿಯಮ್ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಕೋಣೆಯಲ್ಲಿ ಗಾಳಿಯೂ ಜೇನೂ ಇಲ್ಲವಾದ್ದರಿಂದ ಹೂಗೊಂಚಲನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಸಾಕು. ಹೊಸಬರು ಇದರಿಂದಲೇ ಆರಂಭಿಸುವುದು ಒಳ್ಳೆಯದು. ಚಿಲೆನ್ಸೆ ಎಂಬ ಇನ್ನೊಂದು ಕಾಡು ಪ್ರಭೇದ ಹಾಗಲ್ಲ, ಅದರ ಶಲಾಕೆ (ಹೂವಿನ ಹೆಣ್ಣು ಭಾಗದ ದಂಟು) ಸ್ವಂತ ಪರಾಗವನ್ನು ತಿರಸ್ಕರಿಸುತ್ತದೆ. ಕೋಲಾರದ ಟೊಮೆಟೊ ಬೆಳೆಗಾರರಿಗೆ ಚಿರಪರಿಚಿತವಾದ ಎಲೆ ಮುಟುರು ರೋಗವನ್ನು ಎದುರಿಸಲು ತಳಿಗಾರರು ಬಳಸುವ ಟಿವೈ-1 ಜೀನ್ ಸಿಕ್ಕಿದ್ದು ಇದೇ ಚಿಲೆನ್ಸೆಯಲ್ಲಿ. ಇದನ್ನು ಬೆಳೆಸುವವರು ಒಂದೇ ಗಿಡಕ್ಕೆ ಜಾಗ ಮಾಡಿಕೊಂಡರೆ ಬೀಜ ಸಿಗುವುದಿಲ್ಲ. ಬೇರೆ ಬೇರೆ ಬೀಜದಿಂದ ಎದ್ದ ಮೂರು ನಾಲ್ಕು ಗಿಡಗಳಿರಲಿ; ಒಂದರ ಪರಾಗವನ್ನು ಕುಂಚದಲ್ಲಿ ತೆಗೆದು ಮತ್ತೊಂದರ ಶಲಾಕಾಗ್ರಕ್ಕೆ, ಅಂದರೆ ಆ ದಂಟಿನ ತುದಿಗೆ, ಸವರಿ. ಕೊಂಬೆ ನೆಟ್ಟು ಮಾಡಿದ ಗಿಡಗಳು ಎಷ್ಟಿದ್ದರೂ ಒಂದೇ ಲೆಕ್ಕ.